ಪೆಟ್ಟಿಗೆ ಊರಿನದು, ಕೀಲಿಕೈ ಯಾರದು?

ಕೆಲವು ವರ್ಷಗಳ ಹಿಂದೆ ಬಯಲುಸೀಮೆಯ ಒಂದು ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯನ್ನು ಹಿಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು ನೋಡಿದ್ದೆ. ಕಾರ್ಯಸೂಚಿಯ ವಿಷಯಗಳೆಲ್ಲ ಮುಗಿಯುತ್ತ ಬಂದಾಗ, ಅಲ್ಲಿಯವರೆಗೆ ಸುಮ್ಮನಿದ್ದ ಒಬ್ಬ ಸದಸ್ಯೆ ಎದ್ದು ತಮ್ಮ ವಾರ್ಡಿನ ಸ್ಮಶಾನದ ದಾರಿಯ ಮಾತೆತ್ತಿದರು. ಮಳೆ ಬಿದ್ದರೆ ಚಟ್ಟ ಹೊತ್ತವರ ಕಾಲು ಕೆಸರಿನಲ್ಲಿ ಹೂತುಹೋಗುತ್ತದೆ, ಹಿಂದಿನ ವರ್ಷ ಹೆಣವನ್ನೇ ಕೆಳಗಿಳಿಸಿ ನಿಲ್ಲಬೇಕಾಯಿತು ಎಂದರು. ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಒಳ್ಳೆಯ ಮನುಷ್ಯ. ಕೈಯಲ್ಲಿದ್ದ ಹಾಳೆಯನ್ನು ತಿರುಗಿಸಿ, "ಅಮ್ಮ, ಈ ಹಣ ಕುಡಿಯುವ ನೀರಿಗೆ, ನೈರ್ಮಲ್ಯಕ್ಕೆ ಕಟ್ಟಿಹಾಕಿರುವುದು. ಇನ್ನೊಂದು ಬಾಬ್ತಿನ ಹಣ ಕ್ರಿಯಾ ಯೋಜನೆಯಲ್ಲಿ ಈಗಾಗಲೇ ಹಂಚಿಹೋಗಿದೆ. ಉದ್ಯೋಗ ಖಾತ್ರಿಯಲ್ಲಿ ಸಾಮಗ್ರಿಯ ಬಾಬ್ತು ಮುಗಿದಿದೆ" ಎಂದು ವಿವರಿಸಿದರು. ಆಕೆ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ಹಂಗಾದ್ರೆ ಇದರಲ್ಲಿ ನಮ್ಮ ದುಡ್ಡು ಯಾವುದು ಸಾರ್?"

ಸಭೆಯಲ್ಲಿ ಯಾರೋ ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ದೇಶದ ಸ್ಥಳೀಯ ಸರ್ಕಾರಗಳ ಚರಿತ್ರೆಯನ್ನು ಓದುತ್ತ ಬಂದಿರುವ ನನಗೆ, ಕಳೆದ ನೂರೈವತ್ತು ವರ್ಷಗಳಲ್ಲಿ ಆಯೋಗಗಳೂ ಸಮಿತಿಗಳೂ ಪುಟಗಟ್ಟಲೆ ಬರೆದು ಸುತ್ತು ಹೊಡೆದಿರುವ ಪ್ರಶ್ನೆಯನ್ನು ಆಕೆ ಒಂದು ಸಾಲಿನಲ್ಲಿ ಇಟ್ಟರು ಎನ್ನಿಸಿತು. ಇವತ್ತಿನ ನನ್ನ ಮಾತು ಆ ಒಂದು ಸಾಲಿನ ಸುತ್ತಲೇ ಇರುತ್ತದೆ.

ಈ ಚರಿತ್ರೆಯನ್ನು ಹೇಳಹೊರಟವರು ಸಾಮಾನ್ಯವಾಗಿ ಪ್ರಾಚೀನ ಭಾರತದ ಗ್ರಾಮ ಗಣರಾಜ್ಯಗಳಿಂದ ಆರಂಭಿಸುತ್ತಾರೆ. ಹಳ್ಳಿಗಳು ತಮ್ಮ ಪಾಡಿಗೆ ತಾವು ಸ್ವತಂತ್ರವಾಗಿದ್ದವು, ಮೇಲೆ ರಾಜರು ಬಂದರೂ ಹೋದರೂ ಕೆಳಗೆ ಹಳ್ಳಿ ಅಲುಗಾಡಲಿಲ್ಲ ಎಂಬ ಮಾತನ್ನು ನೀವು ಶಾಲೆಯ ಪಾಠದಲ್ಲಿ ಕೇಳಿರುತ್ತೀರಿ. ಈ ಚಿತ್ರವನ್ನು ಅಷ್ಟು ಗಟ್ಟಿಯಾಗಿ ಬರೆದಿಟ್ಟವನು ಚಾರ್ಲ್ಸ್ ಮೆಟ್‌ಕಾಫ್ ಎಂಬ ಕಂಪನಿ ಅಧಿಕಾರಿ, 1830ರ ತನ್ನ ಟಿಪ್ಪಣಿಯೊಂದರಲ್ಲಿ. ಅವನು ಅದನ್ನು ಬರೆದದ್ದು ಹಳ್ಳಿಯ ಹಾಡು ಕಟ್ಟುವುದಕ್ಕಲ್ಲ. ಉತ್ತರದ ಪ್ರಾಂತಗಳಲ್ಲಿ ಕಂದಾಯವನ್ನು ಪ್ರತಿಯೊಬ್ಬ ರೈತನ ಜೊತೆ ಬಿಡಿಬಿಡಿಯಾಗಿ ಗೊತ್ತುಮಾಡಬೇಕೋ, ಇಡೀ ಹಳ್ಳಿಯ ಜೊತೆ ಒಟ್ಟಾಗಿ ಗೊತ್ತುಮಾಡಬೇಕೋ ಎಂಬ ಚರ್ಚೆಯಲ್ಲಿ ಅವನು ಹಳ್ಳಿಯ ಪರವಾಗಿ ವಾದಿಸುತ್ತಿದ್ದ. ಅಂದರೆ ಗ್ರಾಮ ಗಣರಾಜ್ಯ ಎಂಬ ಕಲ್ಪನೆಯೇ ನಮ್ಮ ಕೈಗೆ ಬಂದದ್ದು ಒಂದು ಕಂದಾಯದ ಕಡತದ ಮೂಲಕ. ಮುಂದೆ ರಾಷ್ಟ್ರೀಯ ಚಳವಳಿಯವರು ಅದೇ ಚಿತ್ರವನ್ನು ಬ್ರಿಟಿಷರ ವಿರುದ್ಧವೇ ತಿರುಗಿಸಿ ಹಿಡಿದದ್ದು ಬೇರೆಯ ಮಾತು.

ಹಾಗೆಂದು ಹಳೆಯ ಸಭೆಗಳು ಸುಳ್ಳೇನಲ್ಲ. ತಮಿಳುನಾಡಿನ ಉತ್ತರಮೇರೂರಿನ ದೇವಾಲಯದ ಗೋಡೆಯ ಮೇಲೆ ಹತ್ತನೆಯ ಶತಮಾನದ, ಒಂದನೆಯ ಪರಾಂತಕ ಚೋಳನ ಕಾಲದ ಶಾಸನವಿದೆ. ಊರನ್ನು ಮೂವತ್ತು ಭಾಗಗಳಾಗಿ ಮಾಡಿ, ಓಲೆಗರಿಯ ಚೀಟಿಗಳಲ್ಲಿ ಹೆಸರು ಬರೆದು ಗಡಿಗೆಗೆ ಹಾಕಿ, ಚಿಕ್ಕ ಹುಡುಗನೊಬ್ಬನ ಕೈಯಿಂದ ಎತ್ತಿಸಿ ಕೆರೆಯ ಉಸ್ತುವಾರಿ, ತೋಟದ ಉಸ್ತುವಾರಿ ಮುಂತಾದ ಸಮಿತಿಗಳಿಗೆ ಸದಸ್ಯರನ್ನು ಆರಿಸುತ್ತಿದ್ದ ವಿಧಾನವನ್ನು ಅದು ವಿವರವಾಗಿ ಹೇಳುತ್ತದೆ. ಲೆಕ್ಕ ಒಪ್ಪಿಸದೆ ಹೋದವನೂ ಅವನ ಹತ್ತಿರದ ನೆಂಟರೂ ಮತ್ತೆ ಚೀಟಿಗೆ ಅರ್ಹರಲ್ಲ ಎಂಬ ನಿಯಮ ಅಲ್ಲಿದೆ. ಅದನ್ನು ಓದಿದಾಗಲೆಲ್ಲ ನಮ್ಮ ಕಾಲದ ಕೆಲವು ಮುಖಗಳು ನನ್ನ ಕಣ್ಣಮುಂದೆ ಬರುತ್ತವೆ. ಆದರೆ ಅದೇ ಶಾಸನ ಚೀಟಿಯಲ್ಲಿ ಹೆಸರು ಬರಬೇಕಾದರೆ ಸ್ವಂತ ಭೂಮಿ ಇರಬೇಕು, ಸ್ವಂತ ನಿವೇಶನದಲ್ಲಿ ಮನೆ ಇರಬೇಕು, ವೇದ ಬಲ್ಲವನಾಗಿರಬೇಕು ಎಂದೂ ಹೇಳುತ್ತದೆ. ನಮ್ಮ ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಅಗ್ರಹಾರದ ಮಹಾಜನರ ಮಾತೂ, ನಾಡಗಾವುಂಡರ ಮಾತೂ ಅಷ್ಟೇ. ಸಭೆ ಇತ್ತು, ನಿಯಮ ಇತ್ತು, ಲೆಕ್ಕ ಇತ್ತು. ಸ್ಮಶಾನದ ದಾರಿಯ ಬಗ್ಗೆ ಕೇಳಿದ ಆ ಹೆಣ್ಣುಮಗಳಿಗೆ ಅಲ್ಲಿ ಕೂರಲು ಜಾಗ ಇರಲಿಲ್ಲ.

ಈ ಹಳೆಯ ವ್ಯವಸ್ಥೆಗೆ ವಸಾಹತು ಆಡಳಿತ ಮಾಡಿದ್ದೇನು? ಒಂದೇ ಏಟಿಗೆ ಕೆಡವಲಿಲ್ಲ, ಬೇರನ್ನು ಸಡಿಲಿಸಿತು. ಮದ್ರಾಸು, ಮುಂಬಯಿ ಪ್ರಾಂತಗಳ ರೈತವಾರಿ ಪದ್ಧತಿಯಲ್ಲಿ ಸರ್ಕಾರ ನೇರವಾಗಿ ಪ್ರತಿಯೊಬ್ಬ ಹಿಡುವಳಿದಾರನ ಜೊತೆ ಲೆಕ್ಕ ಇಟ್ಟುಕೊಂಡಿತು. ಪಟೇಲ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ ಇವರೆಲ್ಲ ಊರಿನಲ್ಲಿ ಉಳಿದರು, ಆದರೆ ಪಟೇಲ ಶಾನುಭೋಗರು ಉತ್ತರ ಹೇಳಬೇಕಾದದ್ದು ಊರಿಗಲ್ಲ, ತಾಲ್ಲೂಕಿನ ಕಂದಾಯ ಅಧಿಕಾರಿಯಾದ ಅಮಲ್ದಾರನಿಗೆ ಎಂದಾಯಿತು. ಕೆರೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಏರಿಯ ಮಣ್ಣು ಕುಸಿದರೆ, ತೂಬಿನಲ್ಲಿ ಹೂಳು ತುಂಬಿದರೆ ಅಚ್ಚುಕಟ್ಟಿನ ರೈತರು ಕೂಡಿ ಸರಿಮಾಡುವುದು ವಾಡಿಕೆಯಾಗಿತ್ತು. ನೀರಿನ ಮೇಲಿನ ಹಕ್ಕು, ಕಂದಾಯದ ನಿರ್ಧಾರ ಎರಡೂ ಸರ್ಕಾರದ ಕೈ ಸೇರಿದ ಮೇಲೆ ದುರಸ್ತಿಯ ಹೊಣೆಯನ್ನು ಮಾತ್ರ ರೈತ ಯಾಕೆ ಹೊರಬೇಕು? ಮೈಸೂರು ಸರ್ಕಾರ 1911ರಲ್ಲಿ ಕೆರೆ ಪಂಚಾಯಿತಿಗಳಿಗಾಗಿಯೇ ಒಂದು ರೆಗ್ಯುಲೇಷನ್ ತರಬೇಕಾಯಿತು. ವಾಡಿಕೆಯಿಂದ ನಡೆಯುತ್ತಿದ್ದ ಕೆಲಸಕ್ಕೆ ಕಾನೂನು ಬೇಕಾಯಿತು ಎಂದರೆ ವಾಡಿಕೆ ಆ ಹೊತ್ತಿಗೆ ಎಷ್ಟು ಬತ್ತಿತ್ತು ಎಂದು ನೀವೇ ಊಹಿಸಬಹುದು.

ಈಗ ಮೇಯೊ ಹೆಸರಿನ ವೈಸ್‌ರಾಯ್ ಬಳಿಗೆ ಬರೋಣ. 1857ರ ಬಂಡಾಯವನ್ನು ಹತ್ತಿಕ್ಕಿದ ಖರ್ಚು ಸಾಮ್ರಾಜ್ಯದ ಬೊಕ್ಕಸವನ್ನು ಸಾಲದಲ್ಲಿ ಮುಳುಗಿಸಿತ್ತು. 1870ರ ಠರಾವಿನಲ್ಲಿ ಮೇಯೊ ಸರ್ಕಾರ ಶಿಕ್ಷಣ, ಆಸ್ಪತ್ರೆ, ರಸ್ತೆ, ಪೊಲೀಸ್, ಜೈಲು ಮುಂತಾದ ಇಲಾಖೆಗಳನ್ನು ಒಂದು ನಿಗದಿತ ಮೊತ್ತದ ಜೊತೆ ಪ್ರಾಂತಗಳಿಗೆ ವಹಿಸಿ, ಸಾಲದೆ ಬಂದದ್ದನ್ನು ಸ್ಥಳೀಯವಾಗಿ ತೆರಿಗೆ ಹಾಕಿ ತುಂಬಿಕೊಳ್ಳಿ ಎಂದಿತು. ನಮ್ಮ ಧಾರವಾಡ, ಬೆಳಗಾವಿ, ವಿಜಾಪುರಗಳು ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಅದಕ್ಕೂ ಮೊದಲೇ ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆಯಂತೆ ಲೋಕಲ್ ಸೆಸ್ ವಸೂಲಾಗುತ್ತಿತ್ತು. ಆ ಒಂದಾಣೆಯಲ್ಲಿ ಶಾಲೆ ನಡೆಯಬೇಕು, ಹಾದಿ ಆಗಬೇಕು. ಸ್ಥಳೀಯ ಬೋರ್ಡುಗಳು ಹುಟ್ಟಿದ್ದು ಬಹುಮಟ್ಟಿಗೆ ಈ ಹಣವನ್ನು ನೋಡಿಕೊಳ್ಳುವುದಕ್ಕೆ. ನಮ್ಮ ಆಧುನಿಕ ವಿಕೇಂದ್ರೀಕರಣದ ಹುಟ್ಟು ಜಾತಕ ಬರೆಯುವುದಾದರೆ ಅದರಲ್ಲಿ ಪ್ರಜಾಪ್ರಭುತ್ವದ ಮನೆ ಖಾಲಿ, ಸಾಲದ ಮನೆ ತುಂಬಿದೆ ಎಂದು ಬರೆಯಬೇಕಾಗುತ್ತದೆ. ಮೇಲಿನವರಿಗೆ ಭಾರವಾದದ್ದನ್ನು ಕೆಳಗೆ ಇಳಿಸಿದರು. ಭಾರ ಇಳಿಸುವುದಕ್ಕೂ ಅಧಿಕಾರ ಇಳಿಸುವುದಕ್ಕೂ ವ್ಯತ್ಯಾಸವಿದೆ. ಆ ವ್ಯತ್ಯಾಸ ಇಂದಿಗೂ ಸರ್ಕಾರಿ ಸುತ್ತೋಲೆಗಳಲ್ಲಿ ಮಸುಕಾಗಿಯೇ ಇದೆ.

ಹನ್ನೆರಡು ವರ್ಷಗಳ ನಂತರ, 1882ರ ಮೇ ತಿಂಗಳಲ್ಲಿ ವೈಸ್‌ರಾಯ್ ರಿಪನ್ನನ ಠರಾವು ಬಂತು. ಇದರ ದನಿ ಬೇರೆ. ಆಡಳಿತ ಸುಧಾರಿಸುತ್ತದೆ ಎಂಬ ಕಾರಣಕ್ಕೆ ಮುಖ್ಯವಾಗಿ ಇದನ್ನು ತರುತ್ತಿಲ್ಲ, ಜನರಿಗೆ ರಾಜಕೀಯ ಶಿಕ್ಷಣ ಸಿಗಲಿ ಎಂದು ತರುತ್ತಿದ್ದೇವೆ ಎಂದು ಅದು ಬಿಚ್ಚಿ ಹೇಳಿತು. ಬೋರ್ಡುಗಳಲ್ಲಿ ಅಧಿಕಾರಿಗಳು ಮೂರನೆಯ ಒಂದು ಪಾಲಿಗಿಂತ ಹೆಚ್ಚಿರಬಾರದು, ಸಾಧ್ಯವಾದಲ್ಲೆಲ್ಲ ಚುನಾವಣೆ ಆಗಬೇಕು, ಅಧ್ಯಕ್ಷನೂ ಅಧಿಕಾರಿಯಲ್ಲದವನೇ ಆಗಲಿ, ಸರ್ಕಾರದ ಹಿಡಿತ ಬೋರ್ಡಿನ ಒಳಗೆ ಕೂತು ಅಲ್ಲ, ಹೊರಗಿನಿಂದ ಇರಲಿ ಎಂದು ಸೂಚಿಸಿತು. ನಾನು ಓದಿದ ಸರ್ಕಾರಿ ಠರಾವುಗಳಲ್ಲಿ ಇಷ್ಟು ಉದಾರವಾದದ್ದು ಕಡಿಮೆ. ಆಮೇಲೆ ಆದದ್ದು ಇಷ್ಟು: ಠರಾವನ್ನು ಜಾರಿಗೆ ತರಬೇಕಾದ ಪ್ರಾಂತ ಸರ್ಕಾರಗಳಿಗೆ ಅದು ಬೇಕಾಗಿರಲಿಲ್ಲ. ಕಾಯ್ದೆಗಳು ಬಂದವು, ಬೋರ್ಡುಗಳು ಕೂತವು, ಆದರೆ ಹೆಚ್ಚಿನ ಜಿಲ್ಲಾ ಬೋರ್ಡುಗಳ ಅಧ್ಯಕ್ಷನ ಕುರ್ಚಿಯಲ್ಲಿ ಮುಂದೆಯೂ ಬಹುಕಾಲ ಕಲೆಕ್ಟರನೇ ಕೂತಿದ್ದ. ಮತ ಹಾಕುವ ಹಕ್ಕು ಆಸ್ತಿಯ ಮೇಲೆ ನಿಂತಿತ್ತು. 1907ರಲ್ಲಿ ನೇಮಕವಾಗಿ 1909ರಲ್ಲಿ ವರದಿ ಕೊಟ್ಟ ವಿಕೇಂದ್ರೀಕರಣ ಆಯೋಗ ಹಳ್ಳಿಯಿಂದಲೇ ಶುರುಮಾಡಿ ಎಂದು ಮತ್ತೆ ಶಿಫಾರಸು ಮಾಡಬೇಕಾಯಿತು. ರಿಪನ್ನನ ಕಾಲದಿಂದ ಇಂದಿನವರೆಗೆ ಈ ವರಸೆ ಬದಲಾಗಿಲ್ಲ: ಮೇಲಿನ ಹಂತ ಉದಾರವಾಗುತ್ತದೆ, ನಡುವಿನ ಹಂತ ತಡೆದು ನಿಲ್ಲಿಸುತ್ತದೆ. ಅಂದು ನಡುವೆ ಇದ್ದದ್ದು ಪ್ರಾಂತ, ಇಂದು ರಾಜ್ಯ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ನಮ್ಮ ಮೈಸೂರಿನ ಕಡೆ ಹೋಗಿಬರುತ್ತೇನೆ, ಯಾಕೆಂದರೆ ಮೈಸೂರು ಸಂಸ್ಥಾನದಲ್ಲಿ ಹೀಗೆ ನಡುವೆ ಅಡ್ಡ ನಿಲ್ಲುವ ಪ್ರಾಂತ ಸರ್ಕಾರ ಇರಲಿಲ್ಲ. ಐವತ್ತು ವರ್ಷಗಳ ಕಮಿಷನರುಗಳ ಆಳ್ವಿಕೆ ಮುಗಿದು ಸಂಸ್ಥಾನ ಒಡೆಯರ ಕೈಗೆ ಮರಳಿದ 1881ರಲ್ಲಿಯೇ ದಿವಾನ ರಂಗಾಚಾರ್ಲು ದಸರೆಯ ಹೊತ್ತಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. ಅದಕ್ಕೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ, ದಿವಾನರು ವರ್ಷದ ಲೆಕ್ಕ ಓದುವರು, ಪ್ರತಿನಿಧಿಗಳು ತಮ್ಮ ಸೀಮೆಯ ಕುಂದುಕೊರತೆ ಹೇಳುವರು. 1902ರಲ್ಲಿ ಲೋಕಲ್ ಬೋರ್ಡುಗಳ ರೆಗ್ಯುಲೇಷನ್ ಬಂತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913–14ರ ಹೊತ್ತಿಗೆ ಗ್ರಾಮ ಸುಧಾರಣೆಯ ಯೋಜನೆ ಶುರುವಾಯಿತು. ಊರಿನವರ ಶ್ರಮ, ಊರಿನವರ ವಂತಿಗೆ, ಸರ್ಕಾರದ ಒಂದಿಷ್ಟು ಸಹಾಯಧನ ಸೇರಿಸಿ ಬಾವಿ, ಚರಂಡಿ, ಶಾಲೆಯ ಕಟ್ಟಡ ಮಾಡಿಕೊಳ್ಳುವುದು ಅದರ ಕ್ರಮ. 1918ರಲ್ಲಿ ಮತ್ತೊಂದು, 1926ರಲ್ಲಿ ಗ್ರಾಮ ಪಂಚಾಯಿತಿಗೇ ಪ್ರತ್ಯೇಕವಾದ ಇನ್ನೊಂದು ರೆಗ್ಯುಲೇಷನ್ ಬಂದು, ಆಯ್ಕೆಯಾದ ಸದಸ್ಯರಿಗೂ ತೆರಿಗೆ ಹಾಕುವ ಅಧಿಕಾರಕ್ಕೂ ಒಂದು ಅಡಿಪಾಯ ಸಿಕ್ಕಿತು. ಹಳೆಯ ಮೈಸೂರಿನವರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ನಾನೂ ಹೇಳಿಕೊಳ್ಳುತ್ತೇನೆ. ಆದರೆ ಇಲ್ಲಿಯೂ ಪಂಚಾಯಿತಿ ಬಂದದ್ದು ದಿವಾನರ ಕಚೇರಿಯಿಂದ ಹಳ್ಳಿಗೆ, ಹಳ್ಳಿಯಿಂದ ಕಚೇರಿಗಲ್ಲ.

ಬ್ರಿಟಿಷ್ ಭಾರತದಲ್ಲಿ 1919ರ ಕಾಯ್ದೆ ಸ್ಥಳೀಯ ಸ್ವಯಮಾಡಳಿತವನ್ನು ಭಾರತೀಯ ಮಂತ್ರಿಗಳಿಗೆ ಒಪ್ಪಿಸಿತು. ಹಣಕಾಸನ್ನು ಮಾತ್ರ ಗವರ್ನರನ ಕಡೆಗೇ ಇಟ್ಟುಕೊಂಡಿತು. ಆ ಇಕ್ಕಟ್ಟಿನಲ್ಲಿಯೂ ನಗರಸಭೆಗಳು ರಾಷ್ಟ್ರೀಯ ಚಳವಳಿಯ ದೊಡ್ಡ ಪಾಠಶಾಲೆಗಳಾದವು ಎಂಬುದನ್ನು ಮರೆಯಬಾರದು. ರಾಜಗೋಪಾಲಾಚಾರಿ ಸೇಲಂ ಪುರಸಭೆಯಲ್ಲಿ, ವಲ್ಲಭಭಾಯಿ ಪಟೇಲರು ಅಹಮದಾಬಾದಿನಲ್ಲಿ, ನೆಹರೂ ಅಲಹಾಬಾದಿನಲ್ಲಿ, ಚಿತ್ತರಂಜನ ದಾಸರು ಕಲ್ಕತ್ತೆಯಲ್ಲಿ ಅಧ್ಯಕ್ಷರೋ ಮೇಯರೋ ಆಗಿದ್ದವರು. ರಿಪನ್ ಹೇಳಿದ ರಾಜಕೀಯ ಶಿಕ್ಷಣ ಯಾರಿಗಾದರೂ ಪೂರ್ತಿಯಾಗಿ ಸಿಕ್ಕಿತು ಎಂದಾದರೆ ಇವರಿಗೆ. ಇವರ ಪೀಳಿಗೆಯೇ ಮುಂದೆ ಸಂವಿಧಾನ ಬರೆಯಲು ಕುಳಿತಾಗ ಕರಡಿನಲ್ಲಿ ಪಂಚಾಯಿತಿಯ ಹೆಸರೇ ಇರಲಿಲ್ಲ ಎಂಬುದು ನನಗೆ ಇಂದಿಗೂ ಸೋಜಿಗ.

ಆ ಸೋಜಿಗಕ್ಕೆ ಒಂದು ಕಾರಣ ಅಂಬೇಡ್ಕರ್, ಮತ್ತು ಅವರ ಕಾರಣ ಹಗುರವಾದದ್ದಲ್ಲ. 1932ರಲ್ಲಿ ಮುಂಬಯಿ ವಿಧಾನ ಪರಿಷತ್ತಿನ ಮುಂದೆ ಗ್ರಾಮ ಪಂಚಾಯಿತಿ ಮಸೂದೆ ಬಂದಾಗಲೇ ಅವರು ವಿರೋಧಿಸಿ ಮಾತನಾಡಿದ್ದರು. ಮೀಸಲು ಸ್ಥಾನಗಳಿಲ್ಲದೆ ಹಳ್ಳಿಗೆ ಅಧಿಕಾರ ಕೊಡುವುದೆಂದರೆ ಅಸ್ಪೃಶ್ಯರನ್ನು ಹಳ್ಳಿಯ ಬಹುಸಂಖ್ಯಾತರ ಕೈಗೆ ಒಪ್ಪಿಸಿದಂತೆ ಎಂಬುದು ಅವರ ವಾದದ ತಿರುಳು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸುತ್ತ ಅವರು ಮೆಟ್‌ಕಾಫನ ಆ ಪ್ರಸಿದ್ಧ ಸಾಲುಗಳನ್ನೇ ಓದಿ, ಹಳ್ಳಿ ಎಂದರೆ ಸಂಕುಚಿತ ಬುದ್ಧಿಯ, ಅಜ್ಞಾನದ, ಕೋಮುಭಾವನೆಯ ಗೂಡಲ್ಲದೆ ಮತ್ತೇನು ಎಂದು ಕೇಳಿದರು. ಸಭೆಯಲ್ಲಿದ್ದ ಗಾಂಧಿವಾದಿಗಳು ನೊಂದರು. ಅದೇ ತಿಂಗಳು ಕೆ. ಸಂತಾನಂ ತಂದ ತಿದ್ದುಪಡಿಯಿಂದ 40ನೇ ವಿಧಿ ಸೇರಿತು: ರಾಜ್ಯವು ಗ್ರಾಮ ಪಂಚಾಯಿತಿಗಳನ್ನು ಸಂಘಟಿಸಲು ಕ್ರಮ ಕೈಗೊಳ್ಳಬೇಕು. ಅದು ನಿರ್ದೇಶಕ ತತ್ವಗಳ ಭಾಗದಲ್ಲಿದ್ದುದರಿಂದ ಯಾವ ನ್ಯಾಯಾಲಯವೂ ಅದನ್ನು ಹಿಡಿದು ಸರ್ಕಾರವನ್ನು ಪ್ರಶ್ನಿಸುವಂತಿರಲಿಲ್ಲ. ಗಾಂಧಿ ಮತ್ತು ಅಂಬೇಡ್ಕರರ ಈ ಜಗಳದಲ್ಲಿ ಒಂದು ಪಕ್ಷ ಹಿಡಿಯಿರಿ ಎಂದು ನನ್ನನ್ನು ಆಗಾಗ ಕೇಳುತ್ತಾರೆ. ನನ್ನ ಅಭಿಪ್ರಾಯ ಹೀಗಿದೆ: ಇಂದು ಪಂಚಾಯಿತಿಯಲ್ಲಿ ಯಾರು ಕೂರುತ್ತಾರೆ ಎಂಬ ಪ್ರಶ್ನೆಗೆ ನಮ್ಮ ಕಾನೂನು ಕೊಟ್ಟಿರುವ ಉತ್ತರ ಅಂಬೇಡ್ಕರ್ 1932ರಲ್ಲಿ ಕೇಳಿದ್ದಕ್ಕೆ ಹತ್ತಿರವಾಗಿದೆ. ಆ ಸದಸ್ಯೆ ಸಭೆಯಲ್ಲಿ ಇದ್ದದ್ದೇ ಮೀಸಲಾತಿಯಿಂದ.

ಸ್ವಾತಂತ್ರ್ಯದ ನಂತರದ ಮೊದಲ ದಶಕವನ್ನು ಬೇಗ ದಾಟಬಹುದು. 1952ರ ಗಾಂಧಿ ಜಯಂತಿಯಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಆರಂಭವಾಯಿತು, ಬ್ಲಾಕುಗಳಾದವು, ಬ್ಲಾಕ್ ಅಭಿವೃದ್ಧಿ ಅಧಿಕಾರಿಗಳು ಬಂದರು, ಜೀಪುಗಳು ಓಡಾಡಿದವು. ಜನ ಮಾತ್ರ ಇದು ಸರ್ಕಾರದ ಕೆಲಸ ಎಂದು ದೂರ ನಿಂತರು. ಯಾಕೆ ಹೀಗಾಯಿತು ಎಂದು ನೋಡಲು ನೇಮಕವಾದ ಬಲವಂತರಾಯ್ ಮೆಹ್ತಾ ಸಮಿತಿ 1957ರಲ್ಲಿ ಕೊಟ್ಟ ವರದಿ, ಚುನಾಯಿತ ಸಂಸ್ಥೆಗಳಿಗೆ ಹಣವನ್ನೂ ಹೊಣೆಯನ್ನೂ ಒಟ್ಟಿಗೆ ಒಪ್ಪಿಸದೆ ಜನ ಒಳಗೆ ಬರುವುದಿಲ್ಲ ಎಂದಿತು. 1959ರ ಅಕ್ಟೋಬರ್ 2ರಂದು ರಾಜಸ್ಥಾನದ ನಾಗೌರಿನಲ್ಲಿ ನೆಹರೂ ಹೊಸ ವ್ಯವಸ್ಥೆಯನ್ನು ಉದ್ಘಾಟಿಸಿದರು. ಅದೇ ವರ್ಷ ನಮ್ಮಲ್ಲಿಯೂ ಹೊಸ ಕಾಯ್ದೆ ಬಂತು. ಅದರ ಒಂದು ಉಪಕಾರವನ್ನು ಹೇಳಲೇಬೇಕು: ಹಳೆಯ ಮೈಸೂರು, ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಮದ್ರಾಸಿನಿಂದ ಬಂದ ಭಾಗಗಳು, ಕೊಡಗು ಹೀಗೆ ಐದು ಕಡೆ ಐದು ಬಗೆಯಾಗಿದ್ದ ಪಂಚಾಯಿತಿ ಕಾನೂನನ್ನು ಅದು ಒಂದು ಮಾಡಿತು. ಗ್ರಾಮ ಪಂಚಾಯಿತಿ, ತಾಲ್ಲೂಕು ಬೋರ್ಡು ಚುನಾಯಿತವಾದವು. ಜಿಲ್ಲಾ ಮಟ್ಟದಲ್ಲಿ ಅಭಿವೃದ್ಧಿ ಪರಿಷತ್ತು ಎಂದು ಮಾಡಿ ಅದರ ಅಧ್ಯಕ್ಷ ಸ್ಥಾನದಲ್ಲಿ ಡೆಪ್ಯುಟಿ ಕಮಿಷನರನ್ನು, ಅಂದರೆ ಹಿಂದಿನ ಕಲೆಕ್ಟರನ್ನೇ, ಕೂರಿಸಿದರು. ರಿಪನ್ನನ ಠರಾವು ಬಂದು ಎಪ್ಪತ್ತೇಳು ವರ್ಷ ಕಳೆದಿತ್ತು, ಕಲೆಕ್ಟರ್ ಮಾತ್ರ ಅದೇ ಕುರ್ಚಿಯಲ್ಲಿದ್ದ.

ಕರ್ನಾಟಕದಲ್ಲಿ ಈ ಕುರ್ಚಿ ಅಲುಗಾಡಿದ್ದು 1987ರಲ್ಲಿ. ಈ ಭಾಗದಲ್ಲಿ ನಾನು ಸ್ವಲ್ಪ ನಿಧಾನವಾಗಿ ಹೋಗುತ್ತೇನೆ. ಅಶೋಕ್ ಮೆಹ್ತಾ ಸಮಿತಿ 1978ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿ ಎಂಬ ಎರಡು ಹಂತಗಳನ್ನು ಶಿಫಾರಸು ಮಾಡಿತ್ತು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅದನ್ನು ಹಿಡಿದು 1983ರಲ್ಲಿ ಮಸೂದೆ ತಂದರು. ರಾಷ್ಟ್ರಪತಿಗಳ ಅಂಕಿತ ಬೀಳಲು 1985ರವರೆಗೆ ಕಾಯಬೇಕಾಯಿತು. ಬೋರ್‌ವೆಲ್ಲು ಕೊರೆಸಿ 'ನೀರ್ ಸಾಬ್' ಎಂದು ಹೆಸರಾಗಿದ್ದ ಆ ಮನುಷ್ಯನಿಗೆ ಒಂದು ವಿಷಯ ಗೊತ್ತಿತ್ತು: ಕೊಳವೆಬಾವಿಯ ಪಂಪು ಕೆಟ್ಟರೆ ಸರಿಮಾಡಿಸುವವನು ಬೆಂಗಳೂರಿನಲ್ಲಿ ಕೂತಿರಬಾರದು. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಎಂಟರಿಂದ ಹನ್ನೆರಡು ಸಾವಿರ ಜನಸಂಖ್ಯೆಗೆ ಒಂದು ಮಂಡಲ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿ ಎಂದು ಡೆಪ್ಯುಟಿ ಕಮಿಷನರಿಗಿಂತ ಹಿರಿಯರಾದ ಐಎಎಸ್ ಅಧಿಕಾರಿ. ಆಡಳಿತ ಸೇವೆಯ ಶ್ರೇಣಿಯ ಲೆಕ್ಕ ಬಲ್ಲವರಿಗೆ ಇದರ ಅರ್ಥ ಥಟ್ಟನೆ ಹೊಳೆಯುತ್ತದೆ. ಡೆಪ್ಯುಟಿ ಕಮಿಷನರಿಗೆ ಕಂದಾಯ, ಕಾನೂನು ಸುವ್ಯವಸ್ಥೆ ಉಳಿಯಿತು; ಶಾಲೆ, ಆಸ್ಪತ್ರೆ, ಕೃಷಿ, ಪಶುವೈದ್ಯ ಇಲಾಖೆಗಳ ಜಿಲ್ಲಾ ಅಧಿಕಾರಿಗಳು ಎದುರಿಗೆ ಬಂದು ಉತ್ತರ ಹೇಳಬೇಕಾದದ್ದು ಚುನಾಯಿತ ಅಧ್ಯಕ್ಷರಿಗೆ ಎಂದಾಯಿತು.

ಮತ್ತೊಂದು ಹೆಜ್ಜೆ ಇನ್ನೂ ದೊಡ್ಡದು. ನೂರಕ್ಕೆ ಇಪ್ಪತ್ತೈದು ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. ಇಷ್ಟು ಹೆಂಗಸರು ಎಲ್ಲಿ ಸಿಗುತ್ತಾರೆ ಎಂದು ಆಗ ಅಂಗಡಿಕಟ್ಟೆಗಳಲ್ಲಿ ನಕ್ಕವರನ್ನು ನಾನೇ ಕಂಡಿದ್ದೇನೆ. ಸಿಕ್ಕರು. ಗಂಡನೋ ಮಾವನೋ ಹೇಳಿದ ಕಡೆ ಸಹಿ ಹಾಕಿದವರು ಅವರಲ್ಲಿ ಖಂಡಿತ ಇದ್ದರು, ಈಗಲೂ ಇದ್ದಾರೆ. ಆದರೆ ಮೊದಲ ಅವಧಿಯಲ್ಲಿ ಸಹಿ ಮಾತ್ರ ಹಾಕಿದವರಲ್ಲಿ ಕೆಲವರು ಎರಡನೆಯ ಅವಧಿಯಲ್ಲಿ ಕಡತ ಓದಿದರು. ಕೇಂದ್ರದ ಕಾನೂನು ಮೂರನೆಯ ಒಂದು ಪಾಲು ಎನ್ನುವ ಹೊತ್ತಿಗೆ ನಮ್ಮ ಹಳ್ಳಿಗಳಿಗೆ ಇದು ಹೊಸದಾಗಿರಲಿಲ್ಲ. 2010ರಲ್ಲಿ ನಮ್ಮಲ್ಲಿ ಅದು ಅರ್ಧಕ್ಕೆ ಏರಿತು.

ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಸರ್ಕಾರ ಬದಲಾಯಿತು. ಮೊದಲ ಅವಧಿ ಮುಗಿದಾಗ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದು ಕೂತರು. ದೇಶವೆಲ್ಲ ಬಂದು ನೋಡಿಹೋದ ಪ್ರಯೋಗವನ್ನು ನಿಲ್ಲಿಸಲು ಹೀಗೆ ಒಂದು ಸರ್ಕಾರಿ ಆದೇಶ ಸಾಕಾಯಿತು. ಶಾಸಕರಿಗೆ ಜಿಲ್ಲಾ ಪರಿಷತ್ತಿನ ಅಧ್ಯಕ್ಷರು ಎಂದರೆ ಮುಂದಿನ ಚುನಾವಣೆಯ ಎದುರಾಳಿ ಎಂಬ ಅನುಮಾನ ಮೊದಲಿನಿಂದಲೂ ಇತ್ತು. ಪಕ್ಷ ಯಾವುದೇ ಇರಲಿ, ಈ ಒಂದು ವಿಷಯದಲ್ಲಿ ಶಾಸಕರ ನಡುವೆ ಭಿನ್ನಾಭಿಪ್ರಾಯ ಬರುವುದು ಅಪರೂಪ.

ರಾಜ್ಯಗಳ ಮರ್ಜಿಯಿಂದ ಪಂಚಾಯಿತಿಗಳನ್ನು ತಪ್ಪಿಸಬೇಕಾದರೆ ಸಂವಿಧಾನವೇ ಮಾತನಾಡಬೇಕು ಎಂಬ ಯೋಚನೆ ಬಲವಾದದ್ದು ಇಂಥ ಅನುಭವಗಳಿಂದ. ರಾಜೀವ್ ಗಾಂಧಿಯವರ 64ನೇ ತಿದ್ದುಪಡಿ ಮಸೂದೆ 1989ರಲ್ಲಿ ರಾಜ್ಯಸಭೆಯಲ್ಲಿ ಬಿತ್ತು. ನರಸಿಂಹರಾಯರ ಕಾಲದಲ್ಲಿ 73ನೇ ತಿದ್ದುಪಡಿ ಅಂಗೀಕಾರವಾಗಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ನಗರಗಳ 74ನೇ ತಿದ್ದುಪಡಿ ಅದೇ ವರ್ಷ ಜೂನ್ 1ರಂದು ಬಂತು. ನಮ್ಮ ಪಂಚಾಯತ್ ರಾಜ್ ಕಾಯ್ದೆ 1993ರ ಮೇ ತಿಂಗಳಲ್ಲೇ ಜಾರಿಯಾಯಿತು.

73ನೇ ತಿದ್ದುಪಡಿಯನ್ನು ಎರಡು ಕನ್ನಡ ಪದಗಳನ್ನು ಹಿಡಿದುಕೊಂಡು ಓದಿ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಒಂದು 'ತಕ್ಕದ್ದು', ಇನ್ನೊಂದು 'ಬಹುದು'. ಪ್ರತಿ ರಾಜ್ಯದಲ್ಲಿ ಪಂಚಾಯಿತಿಗಳು ಇರತಕ್ಕದ್ದು. ಪರಿಶಿಷ್ಟರಿಗೆ, ಮಹಿಳೆಯರಿಗೆ ಸ್ಥಾನ ಮೀಸಲಿಡತಕ್ಕದ್ದು. ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಪೂರ್ಣಗೊಳ್ಳತಕ್ಕದ್ದು. ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗ ರಚಿಸತಕ್ಕದ್ದು. ಇಷ್ಟೂ ಗಟ್ಟಿ. ಆಮೇಲೆ 243ಜಿ ವಿಧಿಗೆ ಬನ್ನಿ. ಸ್ವಯಮಾಡಳಿತದ ಸಂಸ್ಥೆಗಳಾಗಿ ಕೆಲಸ ಮಾಡಲು ಬೇಕಾದ ಅಧಿಕಾರವನ್ನು ರಾಜ್ಯ ವಿಧಾನಮಂಡಲವು ಕಾನೂನಿನ ಮೂಲಕ ಕೊಡಬಹುದು. ಹನ್ನೊಂದನೆಯ ಅನುಸೂಚಿಯ 29 ವಿಷಯಗಳು ಆ 'ಬಹುದು' ಎಂಬ ಕೊಕ್ಕೆಗೆ ನೇತುಬಿದ್ದಿವೆ. ಮುಂದಿನ ವಿಧಿ ತೆರಿಗೆಯದು: ತೆರಿಗೆ ಹಾಕಲು, ವಸೂಲಿ ಮಾಡಲು ರಾಜ್ಯವು ಪಂಚಾಯಿತಿಗೆ ಅನುಮತಿ ಕೊಡಬಹುದು. ಯಾರು ಕೂರಬೇಕು, ಯಾವಾಗ ಕೂರಬೇಕು ಎಂಬುದಕ್ಕೆಲ್ಲ ತಕ್ಕದ್ದು. ಕೂತವರು ಏನು ಮಾಡಬೇಕು, ಯಾವ ಹಣದಲ್ಲಿ ಮಾಡಬೇಕು ಎಂಬುದಕ್ಕೆ ಬಹುದು. ಕೇರಳ 1996ರಲ್ಲಿ ಈ 'ಬಹುದು'ವನ್ನು ತಾನಾಗಿ ದೊಡ್ಡದು ಮಾಡಿಕೊಂಡು, ಜನತಾ ಯೋಜನಾ ಆಂದೋಲನದಲ್ಲಿ ರಾಜ್ಯ ಯೋಜನೆಯ ಹಣದಲ್ಲಿ ನೂರಕ್ಕೆ ಮೂವತ್ತೈದರಿಂದ ನಲವತ್ತರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟಿತು. ಬೇರೆಡೆ ಅಷ್ಟು ಧೈರ್ಯ ಕಾಣಲಿಲ್ಲ.

ಇನ್ನು 'ತಕ್ಕದ್ದು' ಎಂದದ್ದಾದರೂ ನಡೆಯುತ್ತದೆಯೇ? ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿಯಿತು. ಅದೇ ವರ್ಷ ಕ್ಷೇತ್ರ ವಿಂಗಡಣೆಯ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೊಂದು ಆಯೋಗಕ್ಕೆ ವಹಿಸಲಾಯಿತು, ಹಿಂದುಳಿದ ವರ್ಗಗಳ ಮೀಸಲಾತಿಯ ಲೆಕ್ಕವೂ ಸೇರಿಕೊಂಡಿತು, ವರ್ಷಗಳು ಉರುಳಿದವು, ಅಧ್ಯಕ್ಷರ ಕೊಠಡಿಗಳು ಬೀಗ ಹಾಕಿಕೊಂಡವು, ಆಡಳಿತಾಧಿಕಾರಿಗಳು ಕೆಲಸ ನಡೆಸಿದರು. ಚುನಾವಣೆಯನ್ನು ಸಕಾಲದಲ್ಲಿ ನಡೆಸಲೇಬೇಕು ಎಂದು ಸುಪ್ರೀಂ ಕೋರ್ಟು 2006ರಲ್ಲಿಯೇ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಹೇಳಿಯಾಗಿತ್ತು. ಬೆಂಗಳೂರಿನ ಕಥೆ ಇನ್ನೂ ಚಿಕ್ಕದು: 2015ರಲ್ಲಿ ಆಯ್ಕೆಯಾದ ಪಾಲಿಕೆ ಸದಸ್ಯರ ಅವಧಿ 2020ರಲ್ಲಿ ಮುಗಿದ ಮೇಲೆ ಅಲ್ಲಿಯೂ ಆಡಳಿತಾಧಿಕಾರಿಯೇ. ನಗರದ ನೀರು 1964ರಲ್ಲಿಯೇ ಜಲಮಂಡಳಿಗೆ ಹೋಯಿತು, ಬಡಾವಣೆ ಮತ್ತು ನಕ್ಷೆ 1976ರಲ್ಲಿ ಅಭಿವೃದ್ಧಿ ಪ್ರಾಧಿಕಾರಕ್ಕೆ ಹೋಯಿತು. ಪಾಲಿಕೆಗೆ ಉಳಿದದ್ದು ಕಸ ಮತ್ತು ರಸ್ತೆಗುಂಡಿ, ಜೊತೆಗೆ ಎರಡರ ಬೈಗುಳ.

ಆ ಸದಸ್ಯೆಯ ಪ್ರಶ್ನೆಗೆ ಈಗ ಮರಳಬಹುದು. ಪಂಚಾಯಿತಿಗೆ ಬರುವ ಹಣ ಯಾವುದು? ಹದಿನೈದನೆಯ ಹಣಕಾಸು ಆಯೋಗ 2021ರಿಂದ ಗ್ರಾಮೀಣ ಸಂಸ್ಥೆಗಳಿಗೆ ಕೊಟ್ಟ ಅನುದಾನದಲ್ಲಿ ನೂರಕ್ಕೆ ಅರವತ್ತು ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದು, ನಲವತ್ತು ಭಾಗ ಬಿಡಿ. ರಾಜ್ಯದ ಬಜೆಟ್ಟಿನ ಜೊತೆ ಬರುವ ಲಿಂಕ್ ಡಾಕ್ಯುಮೆಂಟಿನಲ್ಲಿ ಪ್ರತಿ ಜಿಲ್ಲೆಯ ಹೆಸರಿನ ಮುಂದೆ ದೊಡ್ಡ ಮೊತ್ತಗಳು ಕಾಣುತ್ತವೆ. ಶೀರ್ಷಿಕೆವಾರು ಬಿಡಿಸಿ ನೋಡಿದರೆ ಅದರಲ್ಲಿ ದೊಡ್ಡ ಪಾಲು ಶಿಕ್ಷಕರೂ ಸೇರಿದಂತೆ ನೌಕರರ ಸಂಬಳ, ಅವರ ನೇಮಕವೂ ವರ್ಗಾವಣೆಯೂ ಪಂಚಾಯಿತಿಯ ಕೈಯಲ್ಲಿಲ್ಲ. ಉದ್ಯೋಗ ಖಾತ್ರಿ ಕಾಯ್ದೆ ಕಾಮಗಾರಿಗಳ ಮೊತ್ತದಲ್ಲಿ ಕನಿಷ್ಠ ಅರ್ಧದಷ್ಟನ್ನು ಗ್ರಾಮ ಪಂಚಾಯಿತಿಗೇ ಬಿಟ್ಟದ್ದು ನಿಜಕ್ಕೂ ದೊಡ್ಡ ಬದಲಾವಣೆ, ಆದರೆ ಕೂಲಿಗೆ ಎಷ್ಟು, ಸಾಮಗ್ರಿಗೆ ಎಷ್ಟು ಎಂಬ ಪಡಿಯಚ್ಚು ಮೇಲಿನಿಂದಲೇ ಬಂದದ್ದು. ಪೆಟ್ಟಿಗೆಯ ಮೇಲೆ ಊರಿನ ಹೆಸರು ಬರೆದಿದೆ, ಒಳಗಿನ ಪ್ರತಿ ಲಕೋಟೆಯ ಮೇಲೆ ಬೇರೆಯವರ ಹೆಸರು.

ಒಂದು ಲಕೋಟೆ ಉಳಿಯುತ್ತದೆ: ಮನೆ ಕಂದಾಯ, ನೀರಿನ ಶುಲ್ಕ, ಸಂತೆಯ ಸುಂಕ, ಅಂಗಡಿ ಮಳಿಗೆಯ ಬಾಡಿಗೆ. ಇದನ್ನು ಖರ್ಚು ಮಾಡುವಾಗ ಪಂಚಾಯಿತಿಗಿರುವ ಸಲೀಸು ಮೇಲಿನಿಂದ ಬಂದ ಯಾವ ಹಣದಲ್ಲೂ ಇಲ್ಲ. ಇದನ್ನೇ ಪಂಚಾಯಿತಿಗಳು ವಸೂಲಿ ಮಾಡಲು ಹಿಂಜರಿಯುತ್ತವೆ. ನೆರೆಮನೆಯವನ ಹತ್ತಿರ ಕಂದಾಯ ಕೇಳಿದ ಸದಸ್ಯ ಮುಂದಿನ ಚುನಾವಣೆಯಲ್ಲಿ ಅವನ ಮತ ಕೇಳಬೇಕಲ್ಲ. ಅನುದಾನ ತರುವ ಸದಸ್ಯನಿಗೆ ಹಾರ, ಬಾಕಿ ಕೇಳುವವನಿಗೆ ಬಾಗಿಲು. ಹಾಗಾಗಿ ಕೀಲಿಕೈ ಮೇಲಿನವರ ಹತ್ತಿರ ಇದೆ ಎಂದು ನಾನು ದೂರುವಾಗ, ಊರಿನ ಕೈಯಲ್ಲಿರುವ ಚಿಕ್ಕ ಕೀಲಿ ತುಕ್ಕು ಹಿಡಿದಿರುವುದನ್ನೂ ಹೇಳದೆ ಹೋದರೆ ಅರ್ಧ ಸತ್ಯವಾಗುತ್ತದೆ.

ಅಂದಿನ ಸಭೆಯಲ್ಲಿ ಆಕೆಯ ಪ್ರಶ್ನೆಗೆ ಪಿಡಿಒ ಸ್ವಲ್ಪ ಹೊತ್ತು ಸುಮ್ಮನಿದ್ದು, ಬಿಲ್ ಕಲೆಕ್ಟರನ್ನು ಕರೆದು ವಸೂಲಿ ವಹಿ ತರಿಸಿದರು. ವಾರ್ಡುವಾರು ಬಾಕಿ ಓದಿಸಿದರು. ಓದುತ್ತ ಹೋದಂತೆ ಕುರ್ಚಿಗಳು ಕಿರುಗುಟ್ಟಿದವು, ಯಾಕೆಂದರೆ ಬಾಕಿದಾರರಲ್ಲಿ ಸಭೆಯಲ್ಲಿದ್ದ ಇಬ್ಬರು ಸದಸ್ಯರ ಮನೆಗಳೂ ಇದ್ದವು. ಆಕೆ ತಮ್ಮ ವಾರ್ಡಿನ ಬಾಕಿಯ ಪಟ್ಟಿಯನ್ನು ಬರೆಸಿಕೊಂಡು ಹೋದರು. ಆ ವರ್ಷದ ಕೊನೆಯಲ್ಲಿ ನಾನು ಮತ್ತೆ ಆ ಕಡೆ ಹೋದಾಗ ಸ್ಮಶಾನದ ದಾರಿಯ ತಗ್ಗಿನ ಜಾಗಕ್ಕೆ ನಾಲ್ಕು ಟ್ರ್ಯಾಕ್ಟರ್ ಲೋಡು ಗರಸು ಬಿದ್ದಿತ್ತು. ದಾರಿಯ ಉಳಿದ ಭಾಗ ಹಾಗೇ ಇತ್ತು. ನಡಾವಳಿ ಪುಸ್ತಕದಲ್ಲಿ ಖರ್ಚಿನ ಬಾಬ್ತಿನ ಮುಂದೆ 'ಪಂಚಾಯಿತಿ ಸ್ವಂತ ನಿಧಿ' ಎಂದು ಬರೆದು, ಕೆಳಗೆ ಆಕೆ ಉರುಟು ಅಕ್ಷರಗಳಲ್ಲಿ ಪೂರ್ತಿ ಹೆಸರು ಬರೆದು ಸಹಿ ಹಾಕಿದ್ದರು.